ಮಾಲಿ ಸ್ಟೋನ್‌ನಲ್ಲಿ ಆಯ್ಸ್ಟರ್ ಎಲ್ಲಿ, ಊಟ ಎಲ್ಲಿ?

ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಟಿಕೆಟ್ ಮಾಡಿಸಿದವರು ಹತ್ತಿರದ ಆಯ್ಸ್ಟರ್ (ಸಿಂಪಿ) ಊರು ಮಾಲಿ ಸ್ಟೋನ್ ಬಗ್ಗೆ ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ಅಲ್ಲಿ ಬೆಸ್ಟ್ ರೆಸ್ಟೋರೆಂಟ್ ಯಾವುದು? ಹುಡುಕಿದರೆ ಮೂರು ನಾಲ್ಕು ಹೆಸರು ಸಿಗುತ್ತವೆ, ಎಲ್ಲದಕ್ಕೂ ಹೊಗಳಿಕೆ ಇದೆ, ಎಲ್ಲದಕ್ಕೂ ಒಂದಿಷ್ಟು ಬೈಗುಳವೂ ಇದೆ, ಓದಿ ಓದಿ ತಲೆ ಕೆಟ್ಟು ಕೊನೆಗೆ ನೀರಿನ ಪಕ್ಕ ಮೊದಲು ಖಾಲಿ ಕಂಡ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ನನ್ನ ಪ್ರಕಾರ ಪ್ರಶ್ನೆಯನ್ನೇ ಎರಡು ಮಾಡಬೇಕು. ಆಯ್ಸ್ಟರ್ ಎಲ್ಲಿ ತಿನ್ನೋದು ಅನ್ನೋದು ಒಂದು. ಊಟ ಎಲ್ಲಿ ಮಾಡೋದು ಅನ್ನೋದು ಇನ್ನೊಂದು. ಎರಡಕ್ಕೂ ಒಂದೇ ಟೇಬಲ್ ಬೇಕು ಅಂತ ಹಟ ಹಿಡಿದಾಗಲೇ ಬಿಲ್ ಕೈ ಮೀರುವುದು, ಜೊತೆಗೆ ಬಂದವರಲ್ಲಿ ಯಾರಾದರೂ ಒಬ್ಬರು ಹಸಿದು ಏಳುವುದು.

ಊರಿನ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಕ್ರೊಯೇಷಿಯಾದ ದಕ್ಷಿಣದಲ್ಲಿ ಪೆಲ್ಯೆಶಾತ್ಸ್ ಅಂತ ಉದ್ದನೆಯ ಭೂಮಿ ಏಡ್ರಿಯಾಟಿಕ್ ಸಮುದ್ರದೊಳಗೆ ಚಾಚಿಕೊಂಡಿದೆ. ಅದು ಮುಖ್ಯ ನೆಲಕ್ಕೆ ಅಂಟಿಕೊಂಡಿರುವುದು ತೀರಾ ಕಿರಿದಾದ ಒಂದು ಕುತ್ತಿಗೆಯಲ್ಲಿ. ಆ ಕುತ್ತಿಗೆಯ ಒಂದು ಬದಿಗೆ ಸ್ಟೋನ್, ಇನ್ನೊಂದು ಬದಿಗೆ ಮಾಲಿ ಸ್ಟೋನ್. ಸ್ಟೋನ್ ಕಡೆ ಉಪ್ಪಿನ ಗದ್ದೆ, ಮಾಲಿ ಸ್ಟೋನ್ ಕಡೆ ಆಯ್ಸ್ಟರ್. ಎರಡರ ನಡುವೆ ಗುಡ್ಡ ಹತ್ತಿ ಇಳಿಯುವ ಸುಮಾರು 5.5 ಕಿಲೋಮೀಟರ್ ಉದ್ದದ ಕೋಟೆಗೋಡೆ. 1333ರಲ್ಲಿ ಈ ಜಾಗ ಡುಬ್ರೊವ್ನಿಕ್ ಗಣರಾಜ್ಯದ ಕೈಗೆ ಬಂದಾಗ ಅವರು ಮೊದಲು ಹಿಡಿದ ಕೆಲಸ ಈ ಗೋಡೆ. ಅವರಿಗೆ ಆಗ ಆಯ್ಸ್ಟರ್‌ಗಿಂತ ಉಪ್ಪು ಮುಖ್ಯವಾಗಿತ್ತು, ಆ ಗದ್ದೆಗಳಲ್ಲಿ ಈಗಲೂ ಬಿಸಿಲಲ್ಲಿ ಉಪ್ಪು ತೆಗೆಯುತ್ತಾರೆ.

ಆಯ್ಸ್ಟರ್ ಇಲ್ಲೇ ಯಾಕೆ ಅಂದರೆ, ಈ ಕೊಲ್ಲಿಯಲ್ಲಿ ಉಪ್ಪುನೀರಿಗೆ ಸಿಹಿನೀರು ಬೆರೆಯುತ್ತದೆ. ನೆರೆಟ್ವಾ ನದಿ ಹತ್ತಿರದಲ್ಲೇ ಸಮುದ್ರ ಸೇರುತ್ತದೆ, ಅದರ ಜೊತೆಗೆ ಸಮುದ್ರದ ತಳದಿಂದಲೂ ಸಿಹಿನೀರಿನ ಬುಗ್ಗೆಗಳು ಏಳುತ್ತವೆ. ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಆರಿಸುವುದನ್ನು ಕಂಡವರಿಗೆ ಈ ಲೆಕ್ಕ ತಕ್ಷಣ ಅರ್ಥವಾಗುತ್ತದೆ. ಇಲ್ಲಿಯದು ಯುರೋಪಿನ ಮೂಲ ತಳಿ, ಚಪ್ಪಟೆ, ಹೆಚ್ಚುಕಮ್ಮಿ ದುಂಡಗಿನ ಚಿಪ್ಪು. ಪ್ಯಾರಿಸ್‌ನಲ್ಲೋ ಲಂಡನ್‌ನಲ್ಲೋ ಸಾಮಾನ್ಯವಾಗಿ ಸಿಗುವ ಉದ್ದ ಚಿಪ್ಪಿನ ಪೆಸಿಫಿಕ್ ತಳಿ ಬೇರೆ. ಅದನ್ನು ತಿಂದು ಇಷ್ಟವಾಗಲಿಲ್ಲ ಅನ್ನುವವರು ಇಲ್ಲಿ ಒಂದನ್ನಾದರೂ ತಿಂದು ನೋಡಿ, ರುಚಿ ನಿಜವಾಗಲೂ ಬೇರೆ. ಉಪ್ಪು ಇದೆ, ಆದರೆ ಕೊನೆಯಲ್ಲಿ ನಾಲಿಗೆ ಮೇಲೆ ಒಂಥರಾ ಲೋಹದ ಒಗರು ಉಳಿಯುತ್ತದೆ. ಕೆಲವರಿಗೆ ಅದೇ ಬೇಕು, ಕೆಲವರಿಗೆ ಅದೇ ಬೇಡ.

ಮೊದಲು ಇಷ್ಟು ತೀರ್ಮಾನ ಮಾಡಿಕೊಳ್ಳಿ

ಯಾವ ತಿಂಗಳಲ್ಲಿ ಹೋಗುತ್ತೀರಿ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಎಲ್ಲಕ್ಕಿಂತ ಮುಖ್ಯ ಇದೇ. ಇಲ್ಲಿಯ ಆಯ್ಸ್ಟರ್ ತುಂಬಿಕೊಂಡು ರುಚಿಯಾಗಿರುವುದು ಚಳಿಗಾಲದ ಕೊನೆಯಿಂದ ವಸಂತದವರೆಗೆ. ಮಾರ್ಚ್ 19ರ ಸೇಂಟ್ ಜೋಸೆಫ್ ಹಬ್ಬದ ಹೊತ್ತಿಗೆ ಅತ್ಯುತ್ತಮ ಅಂತ ಊರವರು ಹೇಳುತ್ತಾರೆ, ಆ ದಿನದ ಆಸುಪಾಸು ಇಲ್ಲಿ ಆಯ್ಸ್ಟರ್ ಹಬ್ಬವೂ ನಡೆಯುತ್ತದೆ. ಬೇಸಿಗೆಯಲ್ಲೂ ಸಿಗುತ್ತದೆ, ಆದರೆ ಅದು ಮರಿಗಳ ಕಾಲ. ಈ ತಳಿ ಮರಿಗಳನ್ನು ಚಿಪ್ಪಿನೊಳಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಒಳಗೆ ಹಾಲಿನಂತೆ ಬೆಳ್ಳಗೆ, ಕೆಲವೊಮ್ಮೆ ಸ್ವಲ್ಪ ಮರಳು ಮರಳು ಅನ್ನಿಸಬಹುದು. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಡಜನ್‌ಗಟ್ಟಲೆ ಆಯ್ಸ್ಟರ್ ತಿನ್ನುವ ಕನಸು ಬಿಟ್ಟು, ತಲೆಗೆ ಎರಡು ಮೂರು ರುಚಿ ನೋಡಿ, ಹೊಟ್ಟೆ ತುಂಬಿಸಲು ಮಸಲ್ಸ್ ಮತ್ತು ಮೀನಿನ ಕಡೆ ಹೋಗುವುದು ಒಳ್ಳೆಯದು. ಬೇಸಿಗೆಯಲ್ಲಿ ಮಸಲ್ಸ್, ಅಂದರೆ ಮಂಗಳೂರಿನವರ ಪಚ್ಚಿಲೆಯ ಕಪ್ಪು ಚಿಪ್ಪಿನ ನೆಂಟ, ಚೆನ್ನಾಗಿ ತುಂಬಿಕೊಂಡಿರುತ್ತದೆ. ಬೆಲೆಯೂ ಕಮ್ಮಿ.

ಜೊತೆಗೆ ಯಾರಿದ್ದಾರೆ? ಗಂಡ ಹೆಂಡತಿ ಇಬ್ಬರೇನಾ, ಮಕ್ಕಳಿದ್ದಾರಾ, ಊರಿಂದ ಬಂದ ಅಪ್ಪ ಅಮ್ಮ ಇದ್ದಾರಾ, ಅವರಲ್ಲಿ ಯಾರು ಮೀನು ಮುಟ್ಟುವುದಿಲ್ಲ? ಹಸಿ ಆಯ್ಸ್ಟರ್ ವಿಷಯದಲ್ಲಿ ಒಂದು ಮಾತು ಖಡಾಖಂಡಿತ: ಬಸುರಿಯರು, ಲಿವರ್ ತೊಂದರೆ ಇರುವವರು, ರೋಗನಿರೋಧಕ ಶಕ್ತಿ ಕಮ್ಮಿ ಇರುವವರು, ತೀರಾ ಚಿಕ್ಕ ಮಕ್ಕಳು, ವಯಸ್ಸಾದವರು ಹಸಿಯಾಗಿ ತಿನ್ನಬಾರದು. ಎಷ್ಟು ಒಳ್ಳೆಯ ಜಾಗವಾದರೂ ಅಷ್ಟೇ. ಆಯ್ಸ್ಟರ್ ನೀರನ್ನು ಸೋಸಿ ಬದುಕುವ ಜೀವಿ, ನೀರಲ್ಲಿ ಏನಿದೆಯೋ ಅದು ಅದರೊಳಗೂ ಇರುತ್ತದೆ. 2019ರಲ್ಲಿ ಇದೇ ಕೊಲ್ಲಿಯ ಆಯ್ಸ್ಟರ್‌ನಲ್ಲಿ ವಾಂತಿ ಭೇದಿ ತರುವ ನೊರೊವೈರಸ್ ಸಿಕ್ಕಿ ಆ ವರ್ಷದ ಹಬ್ಬವೇ ನಿಂತುಹೋಗಿತ್ತು. ಹೆದರಿಸಲು ಹೇಳುತ್ತಿಲ್ಲ, ಆರೋಗ್ಯವಾಗಿರುವವರು ಧಾರಾಳವಾಗಿ ತಿನ್ನಿ. ಆದರೆ ಅಮ್ಮನಿಗೆ ಒಂದೇ ಒಂದು ತಿಂದು ನೋಡು ಅಂತ ಒತ್ತಾಯ ಮಾಡಬೇಡಿ.

ಕಾರು ಯಾರು ಓಡಿಸುತ್ತಾರೆ? ಪೆಲ್ಯೆಶಾತ್ಸ್ ವೈನ್‌ಗೆ ಹೆಸರಾದ ಜಾಗ. ದಿಂಗಾಚ್, ಪೊಸ್ತುಪ್ ಇಳಿಜಾರಿನ ಕೆಂಪು ಪ್ಲಾವಾತ್ಸ್ ಮಾಲಿ ಇಲ್ಲಿಯದೇ, ಆಯ್ಸ್ಟರ್ ಜೊತೆ ಕುಡಿಯುವ ಬಿಳಿ ಪೊಶಿಪ್ ಪಕ್ಕದ ಕೊರ್ಚುಲಾ ದ್ವೀಪದ್ದು. ಕ್ರೊಯೇಷಿಯಾದಲ್ಲಿ ಡ್ರೈವರ್ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಸಾವಿರಕ್ಕೆ 0.5, ಇಪ್ಪತ್ನಾಲ್ಕು ದಾಟದವರಿಗೆ ಸೊನ್ನೆ. ಡುಬ್ರೊವ್ನಿಕ್‌ಗೆ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ, ತಿರುವುಗಳು ಬೇರೆ. ಓಡಿಸುವವರು ನೀರು ಕುಡಿದುಕೊಂಡು ಸುಮ್ನೆ ಕೂರುವುದಾದರೆ ಎರಡು ಗಂಟೆಯ ಭರ್ಜರಿ ಊಟಕ್ಕೆ ಅರ್ಥ ಇಲ್ಲ, ಅಲ್ವಾ? ಹಾಗಿದ್ದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ, ಇಲ್ಲಾ ಬಸ್ಸಲ್ಲಿ ಬನ್ನಿ. ಬಸ್ಸು ದಿನಕ್ಕೆ ಕೆಲವೇ ಇರುತ್ತವೆ, ವಾಪಸ್ ಬಸ್ಸಿನ ಸಮಯ ನೋಡಿಕೊಂಡೇ ಊಟದ ಸಮಯ ಗೊತ್ತು ಮಾಡಿ.

ಇನ್ನು ದುಡ್ಡು. 2023ರ ಜನವರಿ 1ರಿಂದ ಇಲ್ಲಿ ಯೂರೋ ನಡೆಯುತ್ತದೆ, ಅದೇ ದಿನ ದೇಶ ಶೆಂಗೆನ್ ಒಳಗೂ ಬಂತು. ಹಾಗಾಗಿ ಜರ್ಮನಿ, ನೆದರ್ಲೆಂಡ್ಸ್‌ನಲ್ಲಿ ಕೆಲಸದಲ್ಲಿರುವ ನಮ್ಮವರಿಗೆ ಬೇರೆ ವೀಸಾ ಬೇಡ, ನೋಟು ಬದಲಾಯಿಸುವ ತಲೆನೋವೂ ಇಲ್ಲ. ಆದರೆ ಕ್ರೊಯೇಷಿಯಾ ಅಗ್ಗ ಅನ್ನುವ ಹಳೆಯ ಮಾತನ್ನು ನಂಬಿ ಬರಬೇಡಿ. ಆ ಕಾಲ ಹೋಯಿತು.

ಹಲಗೆಯ ಮೇಲೆ ಆಯ್ಸ್ಟರ್

ಮಾಲಿ ಸ್ಟೋನ್‌ನ ದಡದಿಂದ ಚಿಕ್ಕ ದೋಣಿಗಳು ಕೊಲ್ಲಿಯ ಮಧ್ಯೆ ಇರುವ ಆಯ್ಸ್ಟರ್ ತೋಟಗಳಿಗೆ ಕರೆದುಕೊಂಡು ಹೋಗುತ್ತವೆ. ತೋಟ ಅಂದರೆ ನೀರಿನ ಮೇಲೆ ತೇಲುವ ಪೀಪಾಯಿಗಳ ಸಾಲು, ಅದರಿಂದ ಕೆಳಕ್ಕೆ ಇಳಿಬಿಟ್ಟ ಹಗ್ಗ, ಹಗ್ಗಕ್ಕೆ ಆಯ್ಸ್ಟರ್. ಜೋಡಿ ಜೋಡಿಯಾಗಿ ಸಿಮೆಂಟ್ ಮೆತ್ತಿ ಹಗ್ಗಕ್ಕೆ ಅಂಟಿಸುವ ಕೈಕೆಲಸವನ್ನು ಈಗಲೂ ಮಾಡುತ್ತಾರೆ. ತಿನ್ನುವ ಗಾತ್ರಕ್ಕೆ ಬರಲು ಎರಡು ಮೂರು ವರ್ಷ ಬೇಕು. ತೋಟದ ಹಲಗೆಯ ಕಟ್ಟೆಯ ಮೇಲೆ ನಿಮ್ಮನ್ನು ಇಳಿಸಿಕೊಂಡು ಬೆಳೆಗಾರರು ಹಗ್ಗ ಎಳೆದು, ಚಿಪ್ಪು ಕೆರೆದು, ಚಾಕು ಹಾಕಿ ತೆರೆದು ಕೈಗೆ ಕೊಡುತ್ತಾರೆ. ಜೊತೆಗೆ ನಿಂಬೆಹಣ್ಣು, ಬ್ರೆಡ್ಡು, ಒಂದು ಲೋಟ ವೈನ್ ಅಥವಾ ರಾಕಿಯಾ ಅನ್ನುವ ಕಡು ಮದ್ಯ. ಕೆಲವು ಕಡೆ ಮಸಲ್ಸ್ ಕೂಡ ಅಲ್ಲೇ ಬೇಯಿಸಿ ಕೊಡುತ್ತಾರೆ.

ಆಯ್ಸ್ಟರ್‌ಗೇ ಬಂದವರಿಗೆ ನಾನು ಮೊದಲು ಹೇಳುವ ಜಾಗ ಇದೇ. ತಾಜಾತನದ ಬಗ್ಗೆ ಅನುಮಾನವೇ ಇಲ್ಲ, ಕಣ್ಣೆದುರೇ ನೀರಿಂದ ಎದ್ದು ಬಂದದ್ದು. ಒಂದು ಒಳ್ಳೆಯ ಆಯ್ಸ್ಟರ್ ಹೇಗಿರಬೇಕು ಅನ್ನುವುದೂ ಇಲ್ಲಿ ಕಲಿತುಬಿಡುತ್ತೀರಿ: ಚಿಪ್ಪು ಬಿಗಿಯಾಗಿ ಮುಚ್ಚಿರಬೇಕು, ತೆರೆದಾಗ ಒಳಗೆ ತಿಳಿನೀರು ತುಂಬಿರಬೇಕು, ಸಮುದ್ರದ ವಾಸನೆ ಬಿಟ್ಟು ಬೇರೆ ಯಾವ ವಾಸನೆಯೂ ಇರಬಾರದು. ಮತ್ತೆ ದಯವಿಟ್ಟು ಔಷಧಿ ನುಂಗಿದ ಹಾಗೆ ಗುಳುಂ ಅನ್ನಿಸಬೇಡಿ. ಎರಡು ಮೂರು ಸಲ ಅಗಿಯಿರಿ. ಮೊದಲನೆಯದಕ್ಕೆ ನಿಂಬೆಯೂ ಬೇಡ.

ತೊಂದರೆಗಳೂ ಇವೆ. ಇದು ಊಟ ಅಲ್ಲ. ತಲೆಗೆ ಇಷ್ಟು ಅಂತ ಟೂರಿನ ದರ ಕೊಟ್ಟು, ಕೈಗೆ ಬರುವುದು ನಾಲ್ಕಾರು ಆಯ್ಸ್ಟರ್ ಅನ್ನುವ ಪ್ಯಾಕೇಜುಗಳೂ ಇವೆ, ಆದ್ದರಿಂದ ಹತ್ತುವ ಮೊದಲೇ ತಲೆಗೆ ಎಷ್ಟು ಆಯ್ಸ್ಟರ್, ಇನ್ನೂ ಬೇಕು ಅಂದರೆ ಒಂದಕ್ಕೆ ಎಷ್ಟು ಅಂತ ಕೇಳಿಕೊಳ್ಳಿ. ಡುಬ್ರೊವ್ನಿಕ್‌ನಿಂದಲೇ ಕರೆದುಕೊಂಡು ಬರುವ ದಿನದ ಟೂರು ಇನ್ನೂ ದುಬಾರಿ, ಕಾರಿಲ್ಲದ, ವೈನ್ ತೋಟವನ್ನೂ ನೋಡಬೇಕು ಅನ್ನುವವರಿಗೆ ಮಾತ್ರ ಅದು ಸರಿ. ಬುರಾ ಅನ್ನುವ ಈಶಾನ್ಯದ ಗಾಳಿ ಬೀಸಿದ ದಿನ ದೋಣಿ ಹೊರಡದೆ ಇರಬಹುದು. ದೋಣಿಯಿಂದ ಹಲಗೆಗೆ ಕಾಲಿಡುವುದು ಮಂಡಿನೋವಿನ ಹಿರಿಯರಿಗೆ ಕಷ್ಟ, ಅವರು ದಡದಲ್ಲಿ ಕಾಫಿ ಕುಡಿಯುತ್ತಾ ಕೂರುವುದು ವಾಸಿ. ಬೇಸಿಗೆಯಲ್ಲಿ ಟೋಪಿ ಮರೆಯಬೇಡಿ.

ಬೆಳೆಗಾರರ ಹತ್ತಿರ ಕೊಂಡು ಮನೆಯಲ್ಲಿ

ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮಾಲಿ ಸ್ಟೋನ್‌ನಿಂದ ಕೊಲ್ಲಿಯ ಉದ್ದಕ್ಕೂ ಹೋದರೆ ಹೊದಿಲ್ಯೆ ಅನ್ನುವ ಹಳ್ಳಿ ಸಿಗುತ್ತದೆ, ಇನ್ನೂ ಮುಂದೆ ಬ್ರಿಯೆಸ್ತಾ, ದ್ರಾಚೆ. ಇವೆಲ್ಲ ಬೆಳೆಗಾರರ ಊರುಗಳು. ರಸ್ತೆ ಬದಿಯಲ್ಲಿ ಬೋರ್ಡು ಹಾಕಿ ಆಯ್ಸ್ಟರ್ ಎಣಿಸಿ ಮಾರುತ್ತಾರೆ, ಮಸಲ್ಸ್ ಕೆ.ಜಿ. ಲೆಕ್ಕದಲ್ಲಿ. ನೋಟು ಕೈಯಲ್ಲಿರಲಿ, ಎಲ್ಲ ಕಡೆ ಕಾರ್ಡ್ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ.

ಆದರೆ ಆಯ್ಸ್ಟರ್ ತೆರೆಯುವುದು ತರಕಾರಿ ಹೆಚ್ಚಿದಷ್ಟು ಸುಲಭ ಅಲ್ಲ. ಅಡುಗೆಮನೆಯ ಚೂಪು ಚಾಕು ಹಾಕಿದರೆ ಚಿಪ್ಪಿನ ಬದಲು ಅಂಗೈ ತೆರೆದುಕೊಳ್ಳುತ್ತದೆ. ಮೊಂಡಾದ ಗಿಡ್ಡ ಚಾಕು ಬೇಕು, ದಪ್ಪ ಟವೆಲ್ ಬೇಕು. ಅನುಭವ ಇಲ್ಲದವರು ಕೊಳ್ಳುವಾಗಲೇ ತೆರೆದುಕೊಡಿ ಅಂತ ಕೇಳಿ ಅಲ್ಲೇ ನಿಂತು ತಿನ್ನುವುದು ಒಳ್ಳೆಯದು. ಮನೆಗೆ ಒಯ್ದರೆ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್‌ನಲ್ಲಿಡಿ. ಸಿಹಿನೀರಲ್ಲಿ ಮುಳುಗಿಸಬೇಡಿ, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಸತ್ತುಹೋಗುತ್ತವೆ. ಚಪ್ಪಟೆ ತಳಿ ನೀರಿನ ಹೊರಗೆ ಹೆಚ್ಚು ಹೊತ್ತು ಬಾಯಿ ಬಿಗಿ ಹಿಡಿಯುವುದಿಲ್ಲ, ಹಾಗಾಗಿ ಅದೇ ದಿನ ತಿನ್ನಿ. ಬಾಯಿ ಬಿಟ್ಟದ್ದನ್ನು ತಟ್ಟಿದರೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಎಸೆಯಿರಿ, ಎರಡು ಯೂರೋ ಹೋಯಿತು ಅಂತ ಯೋಚಿಸಬೇಡಿ.

ನನ್ನನ್ನು ಕೇಳಿದರೆ ಅಪಾರ್ಟ್‌ಮೆಂಟ್‌ಗೆ ಮಸಲ್ಸ್ ಒಯ್ಯಿರಿ. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಪಾರ್ಸ್ಲಿ, ಒಂದು ಲೋಟ ಬಿಳಿ ವೈನ್, ಸ್ವಲ್ಪ ಬ್ರೆಡ್ ಪುಡಿ ಹಾಕಿ ಮುಚ್ಚಿಟ್ಟರೆ ಕೆಲವೇ ನಿಮಿಷದಲ್ಲಿ ಚಿಪ್ಪು ಬಾಯಿ ಬಿಡುತ್ತದೆ. ಇಲ್ಲಿಯವರು ಬುಜಾರಾ ಅನ್ನುವುದು ಇದಕ್ಕೇ. ಬ್ಯಾಗಲ್ಲಿ ಬ್ಯಾಡಗಿ ಪುಡಿ ಇದ್ದರೆ ಒಂದು ಚಿಟಿಕೆ ಹಾಕಿಕೊಳ್ಳಿ, ನೋಡಲು ಯಾರೂ ಇರುವುದಿಲ್ಲ. ನಾಲ್ಕು ಜನರ ಸಂಸಾರ, ಒಂದು ವಾರದ ರಜೆ, ದಿನಾ ಹೊರಗೆ ತಿಂದರೆ ಕಷ್ಟ ಅನ್ನುವವರಿಗೆ ಈ ದಾರಿಯೇ ಸರಿ.

ಮಾಲಿ ಸ್ಟೋನ್ ದಡದ ರೆಸ್ಟೋರೆಂಟ್‌ಗಳು

ಈಗ ಎಲ್ಲರೂ ಕೇಳುವ ಹೆಸರುಗಳಿಗೆ ಬರೋಣ. ಕಪೆತಾನೊವಾ ಕುಚಾ, ಬೋಟಾ ಷಾರೆ, ವಿಲ್ಲಾ ಕೊರುನಾ. ಮೂರೂ ಒಂದೇ ಚಿಕ್ಕ ಬಂದರಿನ ಸುತ್ತ ಇವೆ, ಒಂದರ ಬಾಗಿಲಿಂದ ಇನ್ನೊಂದರ ಬಾಗಿಲಿಗೆ ನಡೆದು ಮೆನು ಓದಿ ವಾಪಸ್ ಬರಲು ಹತ್ತು ನಿಮಿಷ ಸಾಕು. ಹಾಗೆ ಮಾಡಿಯೂ ಮಾಡಿ. ಮೆನು ಬಾಗಿಲಲ್ಲೇ ಇರುತ್ತದೆ, ಓದುವುದಕ್ಕೆ ಸಂಕೋಚ ಬೇಡ.

ಕಪೆತಾನೊವಾ ಕುಚಾ ಇವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು. ಪಕ್ಕದ ಹೋಟೆಲ್ ಓಸ್ಟ್ರೆಯಾ ಕೂಡ ಅದೇ ಮನೆತನದ್ದು. ರಾತ್ರಿ ಅಲ್ಲೇ ಉಳಿಯುವವರಿಗೆ ಊಟ ಮುಗಿಸಿ ನಾಲ್ಕು ಹೆಜ್ಜೆ ಹಾಕಿದರೆ ಹಾಸಿಗೆ, ಇಬ್ಬರೂ ವೈನ್ ಕುಡಿಯಬಹುದು. ಮದುವೆ ವಾರ್ಷಿಕೋತ್ಸವದಂಥ ಊಟಕ್ಕೆ ನಾನು ಇದನ್ನೇ ಹೇಳುತ್ತೇನೆ. ಬೋಟಾ ಷಾರೆ ಇರುವುದು ಹಳೆಯ ಉಪ್ಪಿನ ಉಗ್ರಾಣದೊಳಗೆ, ದಪ್ಪ ಕಲ್ಲಿನ ಗೋಡೆ. ಮಳೆಯ ದಿನಕ್ಕೆ, ಬುರಾ ಬೀಸುವ ದಿನಕ್ಕೆ, ಸುಡುವ ಮಧ್ಯಾಹ್ನಕ್ಕೆ ಒಳಗೆ ಕೂರುವುದು ಹಿತ. ವಿಲ್ಲಾ ಕೊರುನಾದ ಗಾಜಿನ ಜಗಲಿ ನೀರಿಗೆ ಹತ್ತಿರ, ಗಾಳಿ ತಡೆದುಕೊಂಡು ಸಮುದ್ರ ನೋಡುತ್ತಾ ತಿನ್ನಬೇಕು ಅನ್ನುವ ಹಿರಿಯರಿಗೆ ಅದು ಚೆಂದ.

ಅಡುಗೆಯಲ್ಲಿ ಮೂರರ ನಡುವೆ ಆಕಾಶ ಭೂಮಿ ಅನ್ನುವಷ್ಟು ವ್ಯತ್ಯಾಸ ಇಲ್ಲ. ಮೂರಕ್ಕೂ ಅದೇ ಕೊಲ್ಲಿ, ಅದೇ ಮೀನು. ನಿಮ್ಮ ಬಿಲ್ಲನ್ನು ತೀರ್ಮಾನಿಸುವುದು ರೆಸ್ಟೋರೆಂಟಿನ ಹೆಸರಿಗಿಂತ ನೀವು ಏನು ಆರ್ಡರ್ ಮಾಡುತ್ತೀರಿ ಅನ್ನುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಇಡೀ ಮೀನಿಗೆ ಬೆಲೆ ಕೆ.ಜಿ. ಲೆಕ್ಕದಲ್ಲಿ. ಮೆನುವಿನಲ್ಲಿ ಕಾಣುವ ಸಂಖ್ಯೆ ಒಂದು ತಟ್ಟೆಯದ್ದಲ್ಲ. ವೇಟರ್ ತಟ್ಟೆಯಲ್ಲಿ ನಾಲ್ಕೈದು ಹಸಿ ಮೀನು ತಂದು ತೋರಿಸುತ್ತಾನೆ, ನೀವು ಒಂದನ್ನು ತೋರಿಸುತ್ತೀರಿ, ಅದು ಒಳಗೆ ಹೋಗುತ್ತದೆ. ಆ ಕ್ಷಣದಲ್ಲೇ ಕೇಳಬೇಕು: ತೂಕ ಎಷ್ಟು, ಒಟ್ಟು ಎಷ್ಟಾಗುತ್ತದೆ? ಕೆ.ಜಿ.ಗೆ 70 ಯೂರೋ ಅಂತ ಇಟ್ಟುಕೊಳ್ಳಿ, 800 ಗ್ರಾಂ ತೂಗಿದರೆ 56 ಯೂರೋ ಆಯಿತು. ಅದೂ ಹಸಿ ಮೀನಿನ ತೂಕ, ತಲೆ ಮುಳ್ಳು ಎಲ್ಲ ಸೇರಿ. ಇದರಲ್ಲಿ ಮೋಸ ಏನಿಲ್ಲ, ಇಡೀ ಕರಾವಳಿಯ ಪದ್ಧತಿಯೇ ಹೀಗೆ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸಮುದ್ರದಲ್ಲಿ ಹಿಡಿದದ್ದಾ, ಸಾಕಿದ್ದಾ ಅನ್ನುವುದು ಎರಡನೇ ಪ್ರಶ್ನೆ. ಬ್ರಾನ್ಸಿನ್ (ಸೀ ಬಾಸ್), ಒರಾದಾ (ಸೀ ಬ್ರೀಮ್) ಈ ಎರಡೂ ಸಾಕಿದ ಮೀನಾಗಿರುವ ಸಾಧ್ಯತೆ ಜಾಸ್ತಿ. ಸಾಕಿದ್ದು ಕೆಟ್ಟದ್ದಲ್ಲ, ಆದರೆ ಹಿಡಿದ ಮೀನಿನ ಬೆಲೆ ಕೊಡಬೇಡಿ. ಇನ್ನೊಂದು ತಮಾಷೆ ಗೊತ್ತಾ, ಈ ಕೊಲ್ಲಿಯ ಬೆಳೆಗಾರರಿಗೆ ಒರಾದಾ ಕಂಡರೆ ಆಗುವುದಿಲ್ಲ. ಗಟ್ಟಿ ಹಲ್ಲಿನ ಮೀನು, ಹಗ್ಗದಲ್ಲಿರುವ ಆಯ್ಸ್ಟರ್, ಮಸಲ್ಸ್ ಎಲ್ಲ ಕುಟ್ಟಿ ತಿಂದುಬಿಡುತ್ತದೆ. ಕೊಲ್ಲಿಯಲ್ಲೇ ಹಿಡಿದ ಒರಾದಾ ಸಿಕ್ಕರೆ ಬಿಡಬೇಡಿ, ಅದು ಏನು ತಿಂದು ಬೆಳೆದಿದೆ ಅಂತ ಯೋಚಿಸಿ.

ದುಡ್ಡು ಉಳಿಸಬೇಕು, ಆದರೆ ನೀರಿನ ಪಕ್ಕವೇ ಕೂರಬೇಕು ಅನ್ನುವವರಿಗೆ ದಾರಿ ಇದೆ. ಇಡೀ ಮೀನು ಬಿಟ್ಟು ತಟ್ಟೆ ಲೆಕ್ಕದ ಅಡುಗೆ ಹೇಳಿ. ಕಪ್ಪು ರಿಸೊಟ್ಟೊ ಹೇಳಿ, ಬೊಂಡಾಸ್ ಜಾತಿಯ ಕಟಲ್‌ಫಿಶ್‌ನ ಶಾಯಿಯಲ್ಲಿ ಬೇಯಿಸಿದ ಅನ್ನ. ಹಲ್ಲು ತುಟಿ ಎಲ್ಲ ಕಪ್ಪಾಗುತ್ತದೆ, ಫೋಟೋ ಮೊದಲೇ ತೆಗೆದುಕೊಂಡುಬಿಡಿ. ಮಸಲ್ಸ್ ಬುಜಾರಾ ಹೇಳಿ, ಆ ಸಾರಿಗೆ ಬ್ರೆಡ್ ಅದ್ದಿ ತಿಂದರೆ ಅರ್ಧ ಹೊಟ್ಟೆ ತುಂಬುತ್ತದೆ. ಬ್ರುದೆತ್ ಇದ್ದರೆ ಕೇಳಿ, ಹುಳಿಹುಳಿಯಾದ ಮೀನಿನ ಸಾರು, ಜೋಳದ ಹಿಟ್ಟಿನ ಮುದ್ದೆಯಂಥ ಪೊಲೆಂಟಾ ಜೊತೆ. ನಮ್ಮ ಬಾಯಿಗೆ ಈ ಮೂರರಲ್ಲಿ ಬೇಗ ಒಗ್ಗುವುದು ಬ್ರುದೆತ್ತೇ. ಹಸಿ ಆಯ್ಸ್ಟರ್ ಬೇಡ ಅನ್ನುವವರಿಗೆ ಕರಿದ ಆಯ್ಸ್ಟರ್, ಆಯ್ಸ್ಟರ್ ಸೂಪು ಸಿಗುತ್ತವೆ. ಕರಿದದ್ದು ಚೆನ್ನಾಗಿರುತ್ತದೆ, ನಿಜ ಹೇಳಬೇಕೆಂದರೆ ಮೊದಲ ಸಲ ತಿನ್ನುವವರಲ್ಲಿ ಹಲವರಿಗೆ ಹಸಿಯದಕ್ಕಿಂತ ಇದೇ ಇಷ್ಟವಾಗುತ್ತದೆ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಬ್ರೆಡ್ಡಿಗೆ, ಟೇಬಲ್ಲಿಗೆ ಅಂತ ತಲೆಗೆ ಒಂದೆರಡು ಯೂರೋ ಬಿಲ್ಲಿನಲ್ಲಿ ಸೇರಬಹುದು, ಗಾಬರಿಯಾಗಬೇಡಿ. ವಾರಾಂತ್ಯದ ಮಧ್ಯಾಹ್ನ ಡುಬ್ರೊವ್ನಿಕ್ ಕಡೆಯವರೇ ಸಂಸಾರ ಸಮೇತ ಬಂದು ತುಂಬಿಕೊಳ್ಳುತ್ತಾರೆ, ಆಗ ಫೋನ್ ಮಾಡಿ ಟೇಬಲ್ ಹಿಡಿದಿಡಿ. ಚಳಿಗಾಲದಲ್ಲಿ ಹೋಗುವವರು ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ.

ಗುಡ್ಡದ ಆಚೆಯ ಸ್ಟೋನ್

ಮಾಲಿ ಸ್ಟೋನ್‌ನಿಂದ ಸ್ಟೋನ್‌ಗೆ ರಸ್ತೆಯಲ್ಲಿ ಒಂದು ಕಿಲೋಮೀಟರ್ ಆಸುಪಾಸು. ಕಾಲು ಗಂಟೆ ನಡೆದರೆ ಸಿಗುತ್ತದೆ. ಇಲ್ಲಿ ಟೇಬಲ್ ಪಕ್ಕ ಸಮುದ್ರ ಇಲ್ಲ, ಕಲ್ಲಿನ ಓಣಿ ಇದೆ, ಹಾಗಾಗಿ ಜನ ಇದನ್ನು ಎರಡನೇ ದರ್ಜೆ ಅಂದುಕೊಳ್ಳುತ್ತಾರೆ. ಮಧ್ಯಾಹ್ನದ ಊಟಕ್ಕೆ ನನಗೆ ಇದೇ ಇಷ್ಟ. ಬಾಕುಸ್, ಸ್ತಾಗ್ನುಮ್ ಥರದ ಜಾಗಗಳಲ್ಲಿ ಅದೇ ಕೊಲ್ಲಿಯ ಆಯ್ಸ್ಟರ್, ಅದೇ ಬುಜಾರಾ ಸಿಗುತ್ತದೆ. ಸ್ತಾಗ್ನುಮ್‌ನ ಅಂಗಳದಲ್ಲಿ ನೆರಳಿದೆ, ಮಕ್ಕಳು ಎದ್ದು ಓಡಾಡಿದರೂ ನೀರಿಗೆ ಬೀಳುವ ಭಯ ಇಲ್ಲ. ಓಣಿಗಳಲ್ಲಿ ನಿಂತು ಎರಡು ಆಯ್ಸ್ಟರ್ ತಿಂದು ಹೋಗುವಂಥ ಚಿಕ್ಕ ಅಂಗಡಿಗಳೂ ಕಾಣುತ್ತವೆ, ಪೂರ್ತಿ ಊಟಕ್ಕೆ ಕೂರದೆ ರುಚಿ ಮಾತ್ರ ನೋಡಬೇಕು ಅನ್ನುವವರಿಗೆ ಅನುಕೂಲ.

ಕೋಟೆಗೋಡೆ ಹತ್ತುವ ಯೋಚನೆ ಇದ್ದರೆ ಊಟವನ್ನು ಅದಕ್ಕೆ ಹೊಂದಿಸಿ. ಟಿಕೆಟ್ ತೆಗೆದುಕೊಂಡು ಸ್ಟೋನ್‌ನಲ್ಲಿ ಹತ್ತಿ, ಗುಡ್ಡ ದಾಟಿ ಮಾಲಿ ಸ್ಟೋನ್‌ನಲ್ಲಿ ಇಳಿಯಬಹುದು, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮೆಟ್ಟಿಲು ಕಡಿದು, ನೆರಳು ಕಮ್ಮಿ. ಬೆಳಿಗ್ಗೆ ಹತ್ತಿ ಇಳಿದು ಆಮೇಲೆ ತಿನ್ನಿ. ಹೊಟ್ಟೆ ತುಂಬ ತಿಂದು, ಮೇಲೆ ವೈನೂ ಕುಡಿದು ಮಧ್ಯಾಹ್ನದ ಬಿಸಿಲಲ್ಲಿ ಹತ್ತುವವರನ್ನು ಕಂಡರೆ ಪಾಪ ಅನ್ನಿಸುತ್ತದೆ.

ಸ್ಟೋನ್‌ನಲ್ಲಿ ಇನ್ನೊಂದು ವಿಚಿತ್ರ ಇದೆ, ಮ್ಯಾಕರೋನಿ ಹಾಕಿದ ಕೇಕು. ಹೌದು, ಪಾಸ್ತಾ ಹಾಕಿದ ಸಿಹಿ ಕೇಕು, ಜೊತೆಗೆ ಬಾದಾಮಿ ಅಕ್ರೋಟು ಥರದ ಬೀಜಗಳು, ಚಾಕೊಲೇಟು. ಕೇಳಲು ಏನೋ ಅನ್ನಿಸಿದರೂ ತಿನ್ನಲು ಚೆನ್ನಾಗಿದೆ. ಮೊಟ್ಟೆ ಇರುತ್ತದೆ, ತಿನ್ನದವರಿಗೆ ಮೊದಲೇ ಹೇಳಿ.

ಡುಬ್ರೊವ್ನಿಕ್‌ನಲ್ಲೇ ತಿಂದರೆ ಸಾಲದೇ?

ಸಾಲುತ್ತದೆ, ಸಮಯ ಇಲ್ಲದಿದ್ದರೆ. ಒಂದು ಗಂಟೆಯ ದಾರಿಯಲ್ಲಿ ಆಯ್ಸ್ಟರ್ ಏನೂ ಹಾಳಾಗುವುದಿಲ್ಲ. ಡುಬ್ರೊವ್ನಿಕ್ ಹಳೇ ಪೇಟೆಯ ಒಳ್ಳೆಯ ಜಾಗಗಳಲ್ಲಿ ಮಾಲಿ ಸ್ಟೋನ್ ಆಯ್ಸ್ಟರೇ ಸಿಗುತ್ತದೆ, ಬೋಟಾ ಷಾರೆಯವರದ್ದೂ ಅಲ್ಲೊಂದು ಇದೆ, ಸುಶಿ ಜೊತೆಗೆ. ಕೊಡುವ ದುಡ್ಡು ಮಾತ್ರ ಜಾಸ್ತಿ, ಅದು ಆಯ್ಸ್ಟರ್‌ನದ್ದಲ್ಲ, ಹಳೇ ಪೇಟೆಯ ಬಾಡಿಗೆಯದ್ದು. ಒಂದೇ ದಿನ ಇದ್ದು, ಅದರಲ್ಲಿ ಕೋಟೆ, ಹಳೇ ಪೇಟೆ ಎಲ್ಲ ನೋಡಬೇಕು ಅನ್ನುವವರು ಅಲ್ಲೇ ಅರ್ಧ ಡಜನ್ ತಿಂದು ಮುಗಿಸಿ. ಹಡಗಿನಲ್ಲಿ ಬಂದು ಸಂಜೆ ಹಡಗಿಗೇ ವಾಪಸ್ ಹೋಗಬೇಕಾದವರಿಗಂತೂ ಮಾಲಿ ಸ್ಟೋನ್ ಓಡಾಟ ಬೇಡವೇ ಬೇಡ.

ಇನ್ನು ಸ್ಪ್ಲಿಟ್ ಕಡೆಯಿಂದ ಕಾರಲ್ಲಿ ಬರುವವರ ಲೆಕ್ಕ ಬೇರೆ. ಮೊದಲು ನೆಯುಮ್ ಅನ್ನುವ ಬೋಸ್ನಿಯಾದ ಚೂರು ನೆಲ ದಾಟಿ, ಗಡಿಯಲ್ಲಿ ಎರಡೆರಡು ಸಲ ಪಾಸ್‌ಪೋರ್ಟ್ ತೋರಿಸಬೇಕಿತ್ತು. 2022ರ ಜುಲೈನಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಆ ಗೋಜಿಲ್ಲ, ಸೇತುವೆ ದಾಟಿದರೆ ದಾರಿ ಸ್ಟೋನ್ ಪಕ್ಕದಲ್ಲೇ ಹೋಗುತ್ತದೆ. ಇವರು ಡುಬ್ರೊವ್ನಿಕ್ ತಲುಪಿ ಆಮೇಲೆ ವಾಪಸ್ ಬರುವ ಬದಲು ಹೋಗುವ ದಾರಿಯಲ್ಲೇ ಇಳಿದು ಮಧ್ಯಾಹ್ನದ ಊಟ ಇಲ್ಲಿ ಮುಗಿಸುವುದು ಜಾಣತನ.

ಹಾಗಾದರೆ ನೀವು ಎಲ್ಲಿಗೆ?

ಇಬ್ಬರೇ, ಒಂದು ರಾತ್ರಿ ಉಳಿಯುವವರು: ಸಂಜೆ ಹಲಗೆಯ ಮೇಲೆ ಆಯ್ಸ್ಟರ್, ರಾತ್ರಿ ದಡದಲ್ಲಿ ಒಂದು ಇಡೀ ಮೀನು, ಪಕ್ಕಕ್ಕೆ ಬ್ಲಿತ್ವಾ ಅನ್ನುವ ಸೊಪ್ಪು ಆಲೂಗಡ್ಡೆ ಪಲ್ಯ. ದುಡ್ಡು ಖರ್ಚಾಗುತ್ತದೆ, ಆಗಲಿ. ದೋಣಿಯಲ್ಲಿ ತಿಂದಿರುವುದರಿಂದ ರೆಸ್ಟೋರೆಂಟ್‌ನಲ್ಲಿ ಮತ್ತೆ ಆಯ್ಸ್ಟರ್ ಹೇಳುವುದು ಬೇಡ, ಬಿಲ್ಲಿನಲ್ಲಿ ಒಂದು ಸಾಲು ಅಲ್ಲೇ ಕಮ್ಮಿಯಾಯಿತು.

ಗೆಳೆಯರ ಗುಂಪು, ಕೈ ಸ್ವಲ್ಪ ಬಿಗಿ: ಬೆಳೆಗಾರರ ಹತ್ತಿರ ತೆರೆಸಿಕೊಂಡು ನಿಂತೇ ತಿನ್ನಿ, ಊಟ ಸ್ಟೋನ್‌ನಲ್ಲಿ, ನಡುವೆ ಕಪ್ಪು ರಿಸೊಟ್ಟೊ, ಬುಜಾರಾ ಇಟ್ಟು ಹಂಚಿಕೊಳ್ಳಿ. ವೈನ್ ಬಾಟಲಿಯ ಬದಲು ಮನೆಯ ವೈನ್ ಅರ್ಧ ಲೀಟರ್ ಲೆಕ್ಕದಲ್ಲಿ ಕೇಳಿ. ಕೊನೊಬಾ ಅನ್ನುವ ಸಾದಾ ಊಟದ ಮನೆಗಳಲ್ಲಿ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ.

ಮಕ್ಕಳು, ಹಿರಿಯರು, ಅವರಲ್ಲಿ ಸಸ್ಯಾಹಾರಿಗಳು ಎಲ್ಲ ಸೇರಿದ ಸಂಸಾರಕ್ಕೆ ಸ್ಟೋನ್ ಓಣಿಯ ಊಟವೇ ಸರಿ. ಆಯ್ಸ್ಟರ್ ಬೇಕಾದವರು ಮಾತ್ರ ಮೊದಲು ದೋಣಿಯಲ್ಲಿ ಹೋಗಿ ಬರಲಿ, ಉಳಿದವರು ಅಷ್ಟು ಹೊತ್ತು ಉಪ್ಪಿನ ಗದ್ದೆ ನೋಡಲಿ. ಶುದ್ಧ ಸಸ್ಯಾಹಾರಿಗಳಿಗೆ ಈ ಊರು ಉದಾರ ಅಲ್ಲ, ಅದನ್ನು ಮುಚ್ಚಿಡುವುದಿಲ್ಲ. ಬ್ಲಿತ್ವಾ, ಟೊಮ್ಯಾಟೊ ಸಲಾಡ್, ಚೀಸ್, ಟೊಮ್ಯಾಟೊ ಸಾಸಿನ ಪಾಸ್ತಾ, ಸುಟ್ಟ ತರಕಾರಿ ಸಿಗುತ್ತವೆ. ತರಕಾರಿ ರಿಸೊಟ್ಟೊ ಅಂತ ಬರೆದಿದ್ದರೂ ಅದು ಮೀನಿನ ಸಾರಿನಲ್ಲಿ ಬೆಂದಿರಬಹುದು, ಕೇಳಿ. ಸುಟ್ಟ ತರಕಾರಿ ಮೀನು ಸುಡುವ ಕಂಬಿಯ ಮೇಲೇ ಸುಟ್ಟದ್ದಾಗಿರಬಹುದು, ಅದನ್ನೂ ಕೇಳಿ. ಅಮ್ಮನಿಗೆ ಇದ್ಯಾವುದೂ ಬೇಡ ಅಂದರೆ ಡುಬ್ರೊವ್ನಿಕ್‌ನಿಂದ ಹೊರಡುವಾಗಲೇ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಬನ್ನಿ. ಅದನ್ನು ರೆಸ್ಟೋರೆಂಟ್ ಟೇಬಲ್ ಮೇಲೆ ಬಿಚ್ಚಬೇಡಿ, ಮಾಲಿ ಸ್ಟೋನ್ ಬಂದರಿನ ಕಲ್ಲುಕಟ್ಟೆಯ ಮೇಲೆ ಕೂತು ತಿನ್ನಲು ಬೇಕಾದಷ್ಟು ಜಾಗ ಇದೆ.